ದೇವಸಿಯನ್ನು ತಪ್ಪಿಸಿಕೊಳ್ಳುವ ದಾರಿ

ಭಾನುವಾರ ಸಂಜೆ ನಾಲ್ಕು ಗಂಟೆ ಹತ್ತು ನಿಮಿಷಕ್ಕೆ ನಾನು ಎಸ್ಟೇಟಿನ ದೊಡ್ಡ ರಸ್ತೆ ಬಿಟ್ಟು ಒಳದಾರಿಗೆ ತಿರುಗಿದೆ. ಹೊತ್ತು ಇಷ್ಟು ಖಚಿತವಾಗಿ ನೆನಪಿರುವುದಕ್ಕೆ ಕಾರಣವಿದೆ: ದೂರದಲ್ಲಿ ದೇವಸಿ ಬರುವುದು ಕಂಡ ಕೂಡಲೇ ಗಡಿಯಾರ ನೋಡಿಕೊಂಡು, ತುಂಬ ಅವಸರದಲ್ಲಿರುವವನಂತೆ ನಟಿಸಿದ್ದೆ.

ದೇವಸಿ ಕೆಲಸ ಬಿಟ್ಟ ಮೇಸ್ತ್ರಿ. ನಲವತ್ತು ವರ್ಷ ಕಾಫಿ ಕೊಯ್ಯುವವರ ತಪ್ಪು ಹುಡುಕಿದವನು. ಈಗ ಕೈಕೆಳಗೆ ಆಳುಗಳಿಲ್ಲದ್ದರಿಂದ ನಮ್ಮ ತಪ್ಪು ಹುಡುಕುತ್ತಾನೆ. ಪ್ರಸಂಗದ ನಡುವೆ ನಾನು ತೂಕಡಿಸಿದ್ದನ್ನು ಪಾದ್ರಿಗಳಿಗೆ ತಿಳಿಸಿದವನು ಅವನೇ. ನನ್ನ ಹೆಂಡತಿ ತೆರೇಸಾ ಮಾಡುವ ಮೀನುಸಾರಿಗೆ ಹುಳಿ ಸಾಲದೆಂದು ಇಗರ್ಜಿಯ ಮೆಟ್ಟಿಲ ಮೇಲೆ ನಿಂತು ಸಾರಿದವನೂ ಅವನೇ. ಇನ್ನೂ ಮೈಸೂರಿಗೆ ಸೇರದ ನಮ್ಮ ಕೊಡಗು ರಾಜ್ಯವೋ, ಒಬ್ಬನನ್ನು ತಪ್ಪಿಸಿಕೊಂಡು ಓಡಾಡಲು ಸಾಲದಷ್ಟು ಪುಟ್ಟದು. ದೊಡ್ಡ ರಾಜ್ಯಗಳಲ್ಲಿ ನೆರೆಯವನನ್ನು ಪ್ರೀತಿಸುವುದು ಸುಲಭವಿರಬೇಕು.

ಒಳದಾರಿಯಲ್ಲಿ ಹಲಸು ಹಣ್ಣಾಗಿತ್ತು. ಲೈನುಮನೆಗಳ ಕೂಲಿಯವರೆಲ್ಲ ಸಿದ್ದಾಪುರದ ಸಂತೆಗೆ ಹೋಗಿ ತೋಟ ನಿಶ್ಶಬ್ದವಾಗಿರುವಾಗ ಅಂಥ ದಾರಿಗೆ ಯಾರೂ ಕಾಲಿಡುವುದಿಲ್ಲ. ಇದು ನಾನು ಕಲಿಸುವ ಮೂರನೆಯ ತರಗತಿಯ ಮಕ್ಕಳಿಗೂ ಗೊತ್ತು. ಆದರೆ ನಾನು ಮೈಸೂರಿನಲ್ಲಿ ತರ್ಕಶಾಸ್ತ್ರ ಓದಿದವನಲ್ಲವೇ? ಆನೆ ಬರಬಹುದೆಂಬುದು ಬರೀ ಊಹೆ. ದೇವಸಿ ಬರುತ್ತಿರುವುದು ಪ್ರತ್ಯಕ್ಷ.

ಹಿಂದಿನಿಂದ "ಮಾಷೇ, ನಿಲ್ಲಿ ಮಾಷೇ" ಎಂಬ ಕೂಗು ಬಂತು. ಅವನು ಕೂಗಿದಷ್ಟೂ ನನ್ನ ಕಾಲಿಗೆ ವೇಗ ಬಂತು. ನಮಗೆ ಬೇಡವಾದವರಲ್ಲೇ ಕ್ರಿಸ್ತನು ನಮ್ಮನ್ನು ಕಾಯುತ್ತಿರುತ್ತಾನೆಂದು ಪಾದ್ರಿಗಳು ಅದೇ ಬೆಳಿಗ್ಗೆ ಹೇಳಿದ್ದರು. ಆ ದಿನ ನಾನು ಎಚ್ಚರವಾಗಿಯೇ ಇದ್ದೆ.

ತಿರುವಿನಲ್ಲಿ ಆನೆ ನಿಂತಿತ್ತು. ಒಂಟಿ ಸಲಗ, ಇಪ್ಪತ್ತೇ ಹೆಜ್ಜೆ ದೂರ! ಕಿವಿ ಅಗಲಿಸಿತು, ಸೊಂಡಿಲು ಮಡಚಿತು, ಕಾಫಿ ಗಿಡಗಳು ಚಟಚಟನೆ ಮುರಿದವು. ನನ್ನ ಕಾಲು ಮಾತ್ರ ನೆಲ ಬಿಟ್ಟು ಏಳಲಿಲ್ಲ. ಆಗ ಪಕ್ಕದಿಂದ ಏನೋ ಬಂದು ಗುದ್ದಿತು. ಆನೆಯೇ ಎಂದುಕೊಂಡೆ. ದೇವಸಿ! ಇಬ್ಬರೂ ಆಳವಾದ ಚರಂಡಿಗೆ ಬಿದ್ದೆವು. ಅವನ ಕಾಲು ಕಲ್ಲಿಗೆ ಬಡಿದು ಮುರಿದ ಸದ್ದು ನನ್ನ ಕಿವಿಯ ಪಕ್ಕದಲ್ಲೇ ಕೇಳಿತು. ಸಲಗ ನಮ್ಮ ತಲೆಯ ಮೇಲೇ ನಿಂತು ಉಸಿರು ಬಿಟ್ಟಿತು, ಮಣ್ಣು ಉದುರಿತು. ಆಮೇಲೆ, ನಮ್ಮಿಬ್ಬರಿಗಿಂತ ಹಲಸೇ ಮೇಲೆಂದು ತೀರ್ಮಾನಿಸಿ ಹೊರಟುಹೋಯಿತು.

"ಕರೆದದ್ದು ಕೇಳಲಿಲ್ಲವಾ ಮಾಷೇ?" ಎಂದು ದೇವಸಿ ಪಿಸುಗುಟ್ಟಿದ.

"ಇಲ್ಲ" ಎಂದೆ.

ಸಂತೆಯಿಂದ ಮರಳಿದ ಲೈನಿನವರು ನಮ್ಮನ್ನು ಮೇಲೆತ್ತಿದರು. ದೇವಸಿಗೆ ತನ್ನವರೆಂದು ಹೇಳಿಕೊಳ್ಳಲು ಯಾರೂ ಇರಲಿಲ್ಲ. ಆಸ್ಪತ್ರೆಯಲ್ಲಿ ಕಟ್ಟು ಹಾಕಿಸಿ ನಮ್ಮ ಮನೆಗೇ ಕರೆತಂದೆವು. ಗಾಯ ಕೀವುಗಟ್ಟಿದರೆ ಕಾಲನ್ನೇ ತೆಗೆಯಬೇಕಾದೀತು ಎಂದಿದ್ದರು ಡಾಕ್ಟರು. ಜ್ವರದಲ್ಲಿ ಅವನು ನರಳಿದರೆ, ಗಿಡ ಮುರಿದಂತೆ ಕೇಳಿ ನಾನು ಚೀರಿಕೊಂಡು ಏಳುತ್ತಿದ್ದೆ. ಇಬ್ಬರನ್ನೂ ಸಮಾಧಾನ ಮಾಡಲು ತೆರೇಸಾ ಏಳುತ್ತಿದ್ದಳು. ಇಷ್ಟೆಲ್ಲದರ ನಡುವೆಯೂ ಅವಳ ಸಾರಿನ ವಿಷಯವನ್ನು ಅವನು ಬಿಡಲಿಲ್ಲ. ಕರುಣೆ ತೋರಿಸಿದ ಮಾತ್ರಕ್ಕೆ ಮನುಷ್ಯ ಸಹ್ಯನಾಗುತ್ತಾನೆಂದು ನಮ್ಮ ಧರ್ಮ ಎಲ್ಲಿಯೂ ಮಾತು ಕೊಟ್ಟಿಲ್ಲ. ನಾನು ಹುಡುಕಿ ನೋಡಿದ್ದೇನೆ.

ಎರಡು ವಾರಕ್ಕೆ ಜ್ವರ ಬಿಟ್ಟಿತು. ಕಾಲು ಉಳಿಯಿತು. ಆದರೂ ನನಗೆ ನಿದ್ದೆಯಿಲ್ಲ. ನನ್ನನ್ನು ಎಬ್ಬಿಸುತ್ತಿದ್ದುದು ಆನೆಯಲ್ಲ, ಚರಂಡಿಯಲ್ಲಿ ನಾನು ಹೇಳಿದ ಆ ಸುಳ್ಳು ಎಂದು ತಿಳಿಯಲು ತರ್ಕಶಾಸ್ತ್ರ ಬೇಕಾಗಲಿಲ್ಲ. ಒಂದು ಬುಧವಾರ ಸಂಜೆ ಗಂಜಿಯ ಬಟ್ಟಲು ಕೊಡುತ್ತಾ ಹೇಳಿಯೇಬಿಟ್ಟೆ: ಕರೆದದ್ದು ಕೇಳಿಸಿತ್ತು, ನಿಮ್ಮನ್ನು ತಪ್ಪಿಸಿಕೊಳ್ಳಲೆಂದೇ ಆ ದಾರಿ ಹಿಡಿದೆ.

ಅವನು ಒಂದು ಗುಟುಕು ಕುಡಿದ.

"ಗೊತ್ತುಂಟು ಮಾಷೇ. ನನ್ನನ್ನು ಕಂಡರೆ ಎಲ್ಲರೂ ತಿರುಗುವುದು ಆ ದಾರಿಗೇ. ಬೇರೆ ಕಾಲದಲ್ಲಾದರೆ ನಾನು ಕರೆಯುವುದಿಲ್ಲ. ಇದು ಹಲಸಿನ ಕಾಲ ಅಲ್ಲವಾ?" ಎಂದ. ಇನ್ನೊಂದು ಗುಟುಕು ಕುಡಿದು, "ಗಂಜಿಗೆ ಉಪ್ಪು ಕಮ್ಮಿ ಉಂಟು" ಎಂದ.

ಅಂದು ಮೂವರೂ ಬೆಳಗಿನವರೆಗೆ ಮಲಗಿದೆವು. ಗುರುವಾರ ಶಾಲೆಗೆ ತಡವಾಯಿತೆಂದು ನನ್ನನ್ನು ಕೂಗಿ ಎಬ್ಬಿಸಿದವನು ದೇವಸಿಯೇ. ಎಬ್ಬಿಸಿ, ಹೊತ್ತಿಗೆ ಸರಿಯಾಗಿ ಏಳುವುದರ ಬಗ್ಗೆ ಅರ್ಧ ಗಂಟೆ ಮಾತಾಡಿದ. ಅವನ ಮಂಚದ ಅಂಚಿನಲ್ಲಿ ಕೂತು ಪೂರ್ತಿ ಕೇಳಿದೆ.