ಚರೆಯಿಲ್ಲದ ತೋಟೆ

ಆ ದಿನಗಳಲ್ಲಿ ಬಹರೇನಿನ ರಿಫಾದ ನಮ್ಮ ಕಟ್ಟಡದಲ್ಲಿ ರಂಜಾನಿನ ಸಂಜೆಯಾಯಿತೆಂದು ತಿಳಿಯಲು ಗಡಿಯಾರ ನೋಡಬೇಕಾಗಿರಲಿಲ್ಲ. ಮೆಟ್ಟಿಲ ತುಂಬ ಸಂಬೂಸ ಕರಿಯುವ ವಾಸನೆ, ಅದರ ಹಿಂದೆಯೇ ಏಲಕ್ಕಿ ಬೆರೆತ ಸಕ್ಕರೆ ಪಾಕದ ವಾಸನೆ, ಆಮೇಲೆ ದೂರದಲ್ಲಿ ಒಂದು ‘ಧಡ್’. ಕೋಟೆಯ ಬಳಿಯ ದಿಣ್ಣೆಯ ಮೇಲೆ ಫಿರಂಗಿ ಹಾರಿಸುತ್ತಿದ್ದರು. ಅದನ್ನು ಕೇಳಿ ಊರು ಉಪವಾಸ ಬಿಡುತ್ತಿತ್ತು. ಕೊಲ್ಲಿಯಲ್ಲಿ ಬೆಳೆದ ನನ್ನ ವಾರಗೆಯವರಿಗೆ ಇದನ್ನೆಲ್ಲ ವಿವರಿಸಬೇಕಿಲ್ಲ. ಆದರೆ ಆ ಸದ್ದನ್ನು ನನ್ನ ಅಜ್ಜನ ಹಾಗೆ ಯಾರೂ ಕೇಳಿಸಿಕೊಂಡಿರಲಿಕ್ಕಿಲ್ಲ.

ನಾನು ಒಬ್ಬಳೇ ಮಗಳು, ಆಗ ಒಂಬತ್ತು ವರ್ಷ. ಅಮ್ಮ ತುಂಬು ಬಸುರಿ. ಹುಟ್ಟುವುದು ಗಂಡು ಎಂದು ಸ್ಕ್ಯಾನಿನಲ್ಲಿ ಗೊತ್ತಾಗಿತ್ತು. ಸುದ್ದಿ ಕೇಳಿದ್ದೇ ತಡ, ಅಪ್ಪನ ಅಪ್ಪ ಕೊಡಗಿನಿಂದ ವಿಸಿಟ್ ವೀಸಾದಲ್ಲಿ ಬಂದಿಳಿದರು. ಅಮ್ಮ ಮೈಸೂರಿನವಳು, ಹಾಗಾಗಿ ಮನೆಯಲ್ಲಿ ಕನ್ನಡವೇ. ಅಜ್ಜ ನನ್ನನ್ನು ಮಾತ್ರ ‘ಕುಂಞಿ’ ಎನ್ನುತ್ತಿದ್ದರು. ಅವರ ಕಡೆ ಮಗುವಿಗೆ ಹಾಗೆನ್ನುತ್ತಾರೆ.

ಬಂದ ದಿನ ಸಂಜೆ ಬಾಲ್ಕನಿಯಲ್ಲಿ ಕಾಫಿ ಕುಡಿಯುತ್ತಿದ್ದಾಗ ಫಿರಂಗಿ ಹಾರಿತು. ಅಜ್ಜ ಕೈ ಎತ್ತಿ ನಮ್ಮನ್ನು ಸುಮ್ಮನಿರಿಸಿದರು. ಉಸಿರು ಬಿಗಿಹಿಡಿದು ಕಾದರು. ಮತ್ತೆ ಸದ್ದು ಬರಲಿಲ್ಲ.

“ಒಂದೇ ಈಡು. ಯಾರ ಮನೆಯಲ್ಲೋ ಗಂಡು ಮಗು ಆಗಿದೆ” ಎಂದು ನೆಮ್ಮದಿಯಿಂದ ಕಾಫಿ ಮುಗಿಸಿದರು.

ಅವರ ಊರಿನಲ್ಲಿ ಗಂಡು ಮಗು ಹುಟ್ಟಿದರೆ ಅಂಗಳದಲ್ಲಿ ನಿಂತು ಕೋವಿಯಿಂದ ಆಕಾಶಕ್ಕೆ ಒಂದು ಈಡು ಹಾರಿಸುತ್ತಾರೆ. ಸಾವಾದರೆ ಬೆನ್ನುಬೆನ್ನಿಗೆ ಎರಡು. ಅದಕ್ಕೇ ಆ ಕಾಯುವಿಕೆ. ಮರುದಿನ ಸಂಜೆಯೂ ಅಷ್ಟೇ: ‘ಧಡ್’, ಎತ್ತಿದ ಕೈ, “ಗಂಡು.” ಮೂರನೆಯ ಸಂಜೆ ಅವರಿಗೇ ಅನುಮಾನ ಬಂತು. “ಏನೋ ಇದು, ಈ ಊರಲ್ಲಿ ಹೆಣ್ಣುಮಕ್ಕಳೇ ಹುಟ್ಟಲ್ವಾ?”

ಅಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕು ವಿಷಯ ಹೇಳಿದರು. ಅಜ್ಜನಿಗೆ ಒಂದಿಷ್ಟೂ ಮುಜುಗರವಾಗಲಿಲ್ಲ. “ಗುಂಡು ಹಾಕದೆ, ಬರೀ ಮದ್ದು ತುಂಬಿ ಹಾರಿಸ್ತಾರಾ? ಹಾಗಾದ್ರೆ ಇವರೂ ನಮ್ಮ ಥರದವರೇ” ಎಂದರು.

ಆಮೇಲೆ ಅವರ ಮುಖ ಸ್ವಲ್ಪ ಇಳಿಯಿತು. ತಮ್ಮ ಮೊಮ್ಮಗನಿಗೆ ಈಡು ಹಾರಿಸುವವರು ಯಾರು? ಇಲ್ಲಿ ಕೋವಿ ಇಲ್ಲ, ಇಟ್ಟುಕೊಳ್ಳುವ ಹಾಗೂ ಇಲ್ಲ. ಊರಲ್ಲಿ ಚಿಕ್ಕಪ್ಪ ಹಾರಿಸಲಿ, ನಾವು ಫೋನಿನಲ್ಲಿ ಕೇಳಿಸಿಕೊಳ್ಳೋಣ ಎಂದು ಅಪ್ಪ ಸಲಹೆ ಕೊಟ್ಟರು.

“ಈಡು ಮಗು ಇರೋ ಕಡೆ ಕೇಳಬೇಕು. ಫೋನಲ್ಲಿ ಕೇಳೋದು ಈಡಲ್ಲ, ಕೆಮ್ಮು” ಎಂದರು ಅಜ್ಜ.

ಮಗುವಿಗಾಗಿ ಕಾಯುವ ಆ ದಿನಗಳಲ್ಲಿ ನಾನು ಶಾಲೆಯ ಬಸ್ಸಿಳಿದು ಬರುವುದನ್ನೇ ಅಜ್ಜ ಎದುರುನೋಡುತ್ತಿದ್ದರು. ಹೋಮ್‌ವರ್ಕ್ ಮೂಲೆಗೆ ಬೀಳುತ್ತಿತ್ತು. ಅಡುಗೆಮನೆಯ ಸ್ಟೀಲ್ ತಟ್ಟೆಯೊಂದರಲ್ಲಿ ಅವರು ಬೇಟೆಯ ಪಾಠ ಹೇಳುತ್ತಿದ್ದರು. ಬೇಟೆ ನಿಂತು ಎಷ್ಟೋ ಕಾಲವಾಗಿತ್ತು, ಕಾನೂನೂ ಬಿಡುತ್ತಿರಲಿಲ್ಲ, ಆದರೆ ಹರೆಯದ ನೆನಪು ಅವರ ಬೆರಳಿನ ತುದಿಯಲ್ಲೇ ಇತ್ತು. ಕೋವಿಗೆ ಹಾಕುವ ತೋಟೆಯೊಳಗೆ ತುಂಬುವ ಸೀಸದ ಕಾಳಿಗೆ ಅವರು ಚರೆ ಎನ್ನುತ್ತಿದ್ದರು. ತಟ್ಟೆಯಲ್ಲಿ ಸಾಸಿವೆಯ ಗುಡ್ಡೆ ಮಾಡಿ, “ಇಷ್ಟು ಸಣ್ಣ ಚರೆ ಪಾರಿವಾಳಕ್ಕೆ” ಎನ್ನುವರು. ಪಕ್ಕದಲ್ಲಿ ಕಾಳುಮೆಣಸು: “ಇದು ಕಾಡುಕೋಳಿಗೆ.” ಅದರಾಚೆ ಕಾಬೂಲಿ ಕಡಲೆ: “ಇದು ಹಂದಿಗೆ. ಒಂದು ತೋಟೇಲಿ ಕೆಲವೇ ಹಿಡಿಯುತ್ತವೆ. ಇನ್ನೂ ದೊಡ್ಡದಕ್ಕಾದರೆ ಒಂಟಿ ಗುಂಡು, ನಿನ್ನ ಗೋಲಿಯಷ್ಟು.”

“ಹಂದಿಗೆ ಸಾಸಿವೆ ಹೊಡೆದರೆ?”

“ಸಾಯಲ್ಲ ಕುಂಞಿ. ನೋವು ಹೊತ್ತುಕೊಂಡು ಓಡುತ್ತೆ, ಎಲ್ಲೋ ಬಿದ್ದು ಒದ್ದಾಡುತ್ತೆ. ಅದಕ್ಕಿಂತ ದೊಡ್ಡ ಪಾಪ ಇಲ್ಲ. ಪಾರಿವಾಳಕ್ಕೆ ಕಡಲೆ ಹೊಡೆದರೆ ಪುಕ್ಕವೂ ಸಿಗಲ್ಲ. ಪ್ರಾಣಿ ನೋಡಿ ತೋಟೆ ಹಾಕಬೇಕು.”

ತಟ್ಟೆಯ ಒಂದು ಬದಿಯನ್ನು ಅವರು ಯಾವಾಗಲೂ ಖಾಲಿ ಬಿಡುತ್ತಿದ್ದರು. ಅದು ಯಾವ ಪ್ರಾಣಿಗೆ ಎಂದು ಕೇಳಿದೆ. “ಯಾವ ಪ್ರಾಣಿಗೂ ಅಲ್ಲ, ನಿನ್ನ ತಮ್ಮನಿಗೆ. ಮದ್ದು ಮಾತ್ರ, ಚರೆ ಇಲ್ಲ” ಎಂದರು.

ನಮ್ಮ ಕೆಳಮನೆಯಲ್ಲಿ ಅಬು ಸಾಲೆಂ ಎಂಬ ಬಹರೇನಿ ಹಿರಿಯರಿದ್ದರು. ಎಳವೆಯಲ್ಲಿ ಮುಂಬೈಯಲ್ಲಿ ಕೆಲಕಾಲ ಇದ್ದುದರಿಂದ ಹಿಂದಿ ಸಲೀಸು. ಪ್ರತಿ ಚಳಿಗಾಲ ಹೊರದೇಶಕ್ಕೆ ಹೋಗಿ ಬೆಟ್ಟದ ಆಡು ಬೇಟೆಯಾಡುವ ಶೋಕಿ ಅವರದು. ಇಫ್ತಾರಿಗೆ ಅವರು ಕಳಿಸಿದ ತಟ್ಟೆಯನ್ನು ಅಜ್ಜ ಚಿತ್ರಾನ್ನ ತುಂಬಿಸಿ ಹಿಂತಿರುಗಿಸಲು ಹೋದವರು ಗಂಟೆಗಟ್ಟಲೆ ಮೇಲೆ ಬರಲಿಲ್ಲ. ಹುಡುಕಿಕೊಂಡು ಹೋದರೆ ಅವರ ಜಮಖಾನದ ಮೇಲೆ ಬೇಟೆಯ ಫೋಟೋಗಳು ಹರಡಿದ್ದವು, ಇಬ್ಬರ ನಡುವೆ ವಾದ ಕಾವೇರಿತ್ತು. ಸಣ್ಣ ಜಿಂಕೆಗೆ ಟೂ ಫಾರ್ಟಿ ತ್ರೀ ರೈಫಲ್ ಸಾಕು, ಆಡಿಗೆ ತ್ರೀ ನಾಟ್ ಏಟ್ ಬೇಕೇ ಬೇಕು ಎಂದು ಅಬು ಸಾಲೆಂ. ಕೋವಿಯ ಮುಂದೆ ನಿಮ್ಮ ರೈಫಲ್ ಏನು ಮಹಾ ಎಂದು ಅಜ್ಜ.

“ಬಡೇ ಭಾಯ್, ನಿಮ್ಮ ಕೋವಿಯ ಚರೆ ಆಚೆ ಗುಡ್ಡ ಮುಟ್ಟುತ್ತದೆಯೇ?” ಎಂದು ಅಬು ಸಾಲೆಂ ಹಿಂದಿಯಲ್ಲಿ ಕೆಣಕಿದರು.

“ನಮ್ಮ ಕಾಡಲ್ಲಿ ಆಚೆ ಗುಡ್ಡ ಕಾಣಿಸಿದರೆ ತಾನೆ! ಹಂದಿ ಪೊದೆಯಿಂದ ಎದುರಿಗೇ ಬರುತ್ತೆ. ನಿಮ್ಮ ರೈಫಲ್ಲಲ್ಲಿ ಗುರಿ ಹಿಡಿಯೋ ಹೊತ್ತಿಗೆ ಅದು ನಿಮ್ಮನ್ನು ದಾಟಿ ಹೋಗಿರುತ್ತೆ” ಎಂದು ಅಜ್ಜ ತಮಗೆ ಬಂದ ಹಿಂದಿಯಲ್ಲಿ ತಿರುಗಿ ಕೊಟ್ಟರು. ಅಲ್ಲಿಂದ ಮುಂದೆ ಇಬ್ಬರದೂ ಬಿಡಲಾರದ ಗೆಳೆತನ.

ತಮ್ಮ ಹುಟ್ಟಿದ್ದು ರಂಜಾನಿನ ಕೊನೆಯ ವಾರದಲ್ಲಿ. ಕಾಮಾಲೆ ಎಂದು ಆಸ್ಪತ್ರೆಯಲ್ಲಿ ದೀಪದ ಕೆಳಗೆ ಮಲಗಿಸಿದರು. ಅಜ್ಜ ಒಳಗೂ ಹೊರಗೂ ಓಡಾಡುತ್ತ ಒದ್ದಾಡಿದರು. ಅಷ್ಟರಲ್ಲಿ ಅಬು ಸಾಲೆಂ ಒಂದು ಮಾತು ಹೇಳಿದ್ದರು: ಕೋವಿ ಇಲ್ಲದಿದ್ದರೇನು, ಊರಿನ ಫಿರಂಗಿ ಇದೆಯಲ್ಲ! ಅಜ್ಜ ಆ ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡುಬಿಟ್ಟರು. ಆದರೆ ಹಬ್ಬ ಬಂದರೆ ಫಿರಂಗಿಯೂ ಸುಮ್ಮನಾಗುತ್ತದೆ.

ಇಪ್ಪತ್ತೊಂಬತ್ತನೆಯ ಉಪವಾಸದ ದಿನ ಮಧ್ಯಾಹ್ನ ಅಮ್ಮ, ಮಗು ಮನೆಗೆ ಬಂದರು. ಮಗುವನ್ನು ಇವತ್ತೇ ದಿಣ್ಣೆಗೆ ಒಯ್ಯೋಣ ಎಂದರು ಅಜ್ಜ. ಎಳೆಗೂಸಿನ ಕಿವಿಗೆ ಫಿರಂಗಿಯೇ ಎಂದು ಅಮ್ಮ ಕೆಂಡವಾದಳು. ಕೊನೆಗೆ ಒಪ್ಪಂದವಾಯಿತು: ದೂರದಲ್ಲಿ ಕಾರು, ಮುಚ್ಚಿದ ಗಾಜು, ಮಗುವಿನ ಕಿವಿಗೆ ಹತ್ತಿ.

“ಹತ್ತಿ ಇಟ್ಟರೆ ಕೇಳೋದು ಹೇಗಮ್ಮಾ?”

“ಮಾವ, ಒಂದು ಕಿವಿದು ಮಾತ್ರ ತೆಗೀತೀನಿ. ಇನ್ನೊಂದು ಮಾತು ಆಡಬೇಡಿ.”

ಅಬು ಸಾಲೆಂ ಅವರ ದೊಡ್ಡ ಕಾರಿನಲ್ಲಿ ಎಲ್ಲರೂ ಹೋದೆವು. ಅಮ್ಮ ತಲೆಗೆ ಬಟ್ಟೆ ಸುತ್ತಿಕೊಂಡು ಮಗುವನ್ನು ಅಪ್ಪಿ ಹಿಂದಿನ ಸೀಟಿನಲ್ಲಿ ಕುಳಿತಳು. ದಿಣ್ಣೆಯ ಮೇಲೆ ಅಕ್ಕಪಕ್ಕದ ಮಕ್ಕಳೆಲ್ಲ ಸೇರಿದ್ದರು. ಅಜ್ಜ ನೇರವಾಗಿ ಫಿರಂಗಿಯ ಪೊಲೀಸನ ಬಳಿಗೆ ನಡೆದರು. ಇನ್ನೊಬ್ಬರ ಈಡನ್ನು ಕೇಳದೆ ನಮ್ಮದೆನ್ನಬಾರದಂತೆ. ಅಬು ಸಾಲೆಂ ಅರಬಿಯಲ್ಲಿ ವಿವರಿಸಿದರು. ಪೊಲೀಸ್ ಒಮ್ಮೆ ಕಾರಿನ ಕಡೆ, ಒಮ್ಮೆ ಅಜ್ಜನ ಕಡೆ ನೋಡಿ ನಕ್ಕು, “ಮಬ್ರೂಕ್” ಎಂದ. ಶುಭವಾಗಲಿ ಎಂದು.

ಸೂರ್ಯ ಮುಳುಗಿದ. ಧಡ್! ಅಂಗಾಲು ಅದುರಿತು, ಮದ್ದಿನ ಹೊಗೆ ಮೂಗಿಗೆ ಬಡಿಯಿತು. ಅಜ್ಜ ಕೈಮುಗಿದು ನಿಂತಿದ್ದರು, ಕಣ್ಣಲ್ಲಿ ನೀರು ಇಳಿಯುತ್ತಿತ್ತು. ಕಾರಿನೊಳಗೆ ತಮ್ಮ ಏಳಲೂ ಇಲ್ಲ.

ಎಲ್ಲರೂ ಖರ್ಜೂರ ತಿನ್ನುತ್ತಿದ್ದಾಗ ನಾನು ಅಜ್ಜನ ಅಂಗಿ ಜಗ್ಗಿದೆ. “ಅಜ್ಜ, ನಾನು ಹುಟ್ಟಿದಾಗ?”

ನನಗೆ ಗೊತ್ತಿತ್ತು, ಹೆಣ್ಣಿಗೆ ಈಡಿಲ್ಲ. ಆದರೂ ಅಂಗಿ ಬಿಡಲಿಲ್ಲ. “ಇನ್ನೊಂದು ಹಾರಿಸೋಕೆ ಹೇಳಿ ಅಜ್ಜ.”

“ಇವತ್ತು ಬೇಡ ಕುಂಞಿ!” ಅವರು ಬೆಚ್ಚಿಬಿದ್ದರು. “ಎರಡಾದರೆ ಸಾವಿನ ಈಡು.” ಆಮೇಲೆ ಮೊಣಕಾಲೂರಿ ನನ್ನ ಎತ್ತರಕ್ಕೆ ಬಂದರು. “ನಾಳೆ. ನಾಳೆಯದು ನಿನ್ನದು.”

ನಾಳೆ ಇದೆಯೋ ಇಲ್ಲವೋ ಆಗಸವೇ ಹೇಳಬೇಕಿತ್ತು. ಚಂದ್ರ ಕಂಡರೆ ನಾಳೆಯೇ ಹಬ್ಬ. ಮನೆಗೆ ಬಂದು ಕಿಟಕಿಗೆ ಹಣೆಯೊತ್ತಿ, ಕಾಣಬೇಡ, ಕಾಣಬೇಡ ಎಂದು ಚಂದ್ರನನ್ನೇ ಬೇಡಿಕೊಂಡೆ. ಹೊಸ ಬಟ್ಟೆ ಹೊಲಿಸಿಕೊಂಡ ಕೆಳಮನೆಯ ಮಕ್ಕಳೆಲ್ಲ ಅದೇ ಹೊತ್ತಿಗೆ ಅವನು ಕಾಣಲಿ ಎಂದು ಬೇಡುತ್ತಿದ್ದರು. ಕೊನೆಗೆ ಬಾಗಿಲು ಬಡಿದ ಸದ್ದು. ಅಬು ಸಾಲೆಂ ನಿಂತಿದ್ದರು. “ಕಲ್ ಭೀ ರೋಜಾ” ಎಂದರು. ನಾಳೆಯೂ ಉಪವಾಸ! ನಾನು ಕುಣಿದಾಡಿದ್ದನ್ನು ನೋಡಿ, “ಮೂವತ್ತನೆಯ ಉಪವಾಸಕ್ಕೆ ಇಷ್ಟು ಖುಷಿಪಡುವವಳು ಇಡೀ ರಿಫಾದಲ್ಲಿ ಇವಳೊಬ್ಬಳೇ” ಎಂದು ನಕ್ಕರು. ಅವರ ಮೊಮ್ಮಕ್ಕಳು ಎರಡು ದಿನ ನನ್ನ ಜೊತೆ ಟೂ ಬಿಟ್ಟಿದ್ದರು.

ಮರುಸಂಜೆ ಅದೇ ದಿಣ್ಣೆ, ಅದೇ ಪೊಲೀಸ್. ಕಾರಿನೊಳಗೆ ಯಾರೂ ಇಲ್ಲದ್ದನ್ನು ಕಂಡು, ಇವತ್ತು ಹುಟ್ಟಿದ್ದು ಯಾರು ಎಂದು ಕೇಳಿದ. ಅಜ್ಜ ನನ್ನ ತಲೆಯ ಮೇಲೆ ಕೈಯಿಟ್ಟರು. “ಇವಳು. ಈಡು ಸ್ವಲ್ಪ ತಡವಾಯಿತು.” ಅಬು ಸಾಲೆಂ ಅದನ್ನು ಅರಬಿಗೆ ತಂದಾಗ ಪೊಲೀಸ್ ನಗಲಿಲ್ಲ. ನನ್ನನ್ನು ಹತ್ತಿರ ಕರೆದು, ಕಿವಿ ಮುಚ್ಚಿಕೋ ಎಂದು ಸನ್ನೆ ಮಾಡಿದ. ನಾನು ಮುಚ್ಚಿಕೊಳ್ಳಲಿಲ್ಲ.

ಆ ಸದ್ದು ನನ್ನ ಎದೆಯೊಳಗೆ ಹೊಕ್ಕು ಕುಳಿತಿತು. ಮನೆಗೆ ಬಂದು ಅಜ್ಜ ಅದೇ ಸ್ಟೀಲ್ ತಟ್ಟೆಯ ಖಾಲಿ ಜಾಗ ತೋರಿಸಿ ಹೇಳಿದರು, “ಪ್ರಾಣಿ ನೋಡಿ ತೋಟೆ ಅಂದೆನಲ್ಲ. ನಿನಗೆ ಕೋವಿ ಸಾಲುತ್ತಿರಲಿಲ್ಲ, ಅದಕ್ಕೇ ದೇವರು ಫಿರಂಗಿಗೆ ಕಾಯಿಸಿದ.”

ಅಜ್ಜ ತೀರಿಕೊಂಡಾಗ ನನಗೆ ಕಾಲೇಜಿನ ಪರೀಕ್ಷೆ, ಊರಿಗೆ ಹೋಗಲಾಗಲಿಲ್ಲ. ಅಪ್ಪ ಅಂಗಳದಿಂದ ಫೋನ್ ಹಿಡಿದರು. ಟಪ್, ಟಪ್. ಅಜ್ಜ ಹೇಳಿದ್ದು ನಿಜ, ಅದು ಕೆಮ್ಮಿನಂತೆಯೇ ಕೇಳಿಸಿತು. ಈಗ ಅಬು ಸಾಲೆಂ ಇಲ್ಲ, ಆ ಕಟ್ಟಡ ಕೆಡವಿದ್ದಾರೆ, ತಟ್ಟೆ ಮನೆ ಬದಲಾಯಿಸುವಾಗ ಎಲ್ಲೋ ಕಳೆಯಿತು. ತಮ್ಮನಿಗೆ ಈ ಕಥೆ ಹೇಳಿದರೆ ಇಂಗ್ಲಿಷಿನಲ್ಲಿ ನಗುತ್ತಾನೆ. ಇಷ್ಟೆಲ್ಲ ಹೋದರೂ, ನನಗೆ ಸಿಕ್ಕಿದ್ದು ಎಷ್ಟು ದೊಡ್ಡದು ಎಂದು ಮನಸ್ಸು ತುಂಬುತ್ತದೆ. ತನ್ನ ಹಿರಿಯರ ರೂಢಿಯನ್ನು ಒಬ್ಬ ಮುದುಕ ನನಗೋಸ್ಕರ ಒಂದು ಸಂಜೆ ದೊಡ್ಡದು ಮಾಡಿದ. ಪರದೇಶವೊಂದು ಅದಕ್ಕೆ ತನ್ನ ಫಿರಂಗಿ ಕೊಟ್ಟಿತು.

ಇವತ್ತಿಗೂ ರಂಜಾನಿನ ಸಂಜೆ ಆ ಸದ್ದು ಕೇಳಿದರೆ ನನ್ನ ಕೈ ತಾನಾಗಿ ಮೇಲೇಳುತ್ತದೆ. ಮಗಳು ಮಾತು ನಿಲ್ಲಿಸಿ ನನ್ನನ್ನೇ ನೋಡುತ್ತಾಳೆ. ಉಸಿರು ಹಿಡಿದು ಕಾಯುತ್ತೇವೆ. ಎರಡನೆಯದು ಬರುವುದಿಲ್ಲ.

“ಯಾರಮ್ಮಾ?” ಎನ್ನುತ್ತಾಳೆ.

“ಹೆಣ್ಣು” ಎನ್ನುತ್ತೇನೆ.