ಸಿಸ್ಟರ್‌ಗಾಗಿ ಅವರಮ್ಮ ಕಟ್ಟಿದ ರಾಗ

1992 ನವೆಂಬರ್ 14, ಶನಿವಾರ, ಸಂಜೆ 5.20. ಅಲ್ ಖೌದ್.

ಸಿಸ್ಟರ್ ಎಡಗೈಯ ಬೆರಳ ಗೆಣ್ಣುಗಳ ಮೇಲೆ ಮೂರು ಬಿಳಿ ಗೆರೆಗಳಿದ್ದವು. ಅವರು ನಾರ್ವೆಯ ಉತ್ತರ ತುದಿಯ ಸಾಮಿ ಜನರ ಪೈಕಿ. ಏಳನೇ ವಯಸ್ಸಿನಲ್ಲಿ ಹಾಸ್ಟೆಲ್ ಶಾಲೆಗೆ ಸೇರಿಸಿದಾಗ, ಮನೆಮಾತಿನಲ್ಲಿ ನೀರು ಕೇಳಿದ್ದಕ್ಕೆ ಬಿದ್ದ ಏಟಿನ ಕಲೆಗಳವು. "ಆಮೇಲೆ ಅವರ ಭಾಷೆಯಲ್ಲೇ ಬಾಯಾರುವುದನ್ನು ಕಲಿತೆ," ಎನ್ನುತ್ತಿದ್ದರು.

ಇಲ್ಲಿ ಗಲ್ಫಿನ ನಮ್ಮ ಕ್ಲಿನಿಕ್ಕಿಗೆ ಅವರು ಹೆಡ್ ನರ್ಸ್, ನಾನು ರೆಕಾರ್ಡ್ ಕ್ಲರ್ಕ್. 1988ರಿಂದ ಒಂದೇ ವ್ಯಾನಿನಲ್ಲಿ ಓಡಾಡಿದೆವು. ಅವರು ಹೇಳಿದ ಸಾಮಿ ಪದಗಳು ನನ್ನ ಡೈರಿಯಲ್ಲಿ 143 ಇವೆ. ಅವುಗಳಲ್ಲಿ 38 ಪದಗಳ ಮುಂದೆ ಪ್ರಶ್ನಾರ್ಥಕ ಚಿಹ್ನೆ. ಅರ್ಥ ಅವರಿಗೇ ಮರೆತುಹೋಗಿತ್ತು.

ಸಾಮಿ ಜನರಲ್ಲಿ ಒಬ್ಬೊಬ್ಬರಿಗೂ ಇನ್ನೊಬ್ಬರು ಕಟ್ಟಿಕೊಟ್ಟ ರಾಗವೊಂದಿರುತ್ತದೆ. ಅದಕ್ಕೆ ಯೊಯ್ಕ್ ಎನ್ನುತ್ತಾರೆ. ತನ್ನದನ್ನು ತಾನೇ ಹಾಡಿಕೊಳ್ಳುವ ಕ್ರಮವಿಲ್ಲ. ಸಿಸ್ಟರ್ ಅವರದನ್ನು ಕಟ್ಟಿದವರು ಅವರಮ್ಮ. ಅಮ್ಮ ತೀರಿಕೊಂಡ ಮೇಲೆ ಅದು ಉಳಿದದ್ದು ಒಂದೇ ಕ್ಯಾಸೆಟ್ಟಿನಲ್ಲಿ.

1990ರ ಮೇ 2ರಂದು ಅದನ್ನು ನನ್ನ ಕೈಗಿಟ್ಟರು. "ನೀನು ಕಲಿ. ನನ್ನನ್ನು ಹಾಡಲು ಒಬ್ಬರಾದರೂ ಬೇಕಲ್ಲ."

ವ್ಯಾನಿನ ಟೇಪಿನಲ್ಲಿ ಅದನ್ನು ಕೇಳಿ ನಮ್ಮ ಬ್ಯಾರಿ ಡ್ರೈವರ್ ನಕ್ಕ. "ಎಂತ ಮಾರಾಯ್ತಿ, ಒಂಟೆ ಕರೆಯುವುದಾ ಇದು?"

ಅವನು ಅಂದದ್ದನ್ನು ನಾನು ಇಂಗ್ಲಿಷಿನಲ್ಲಿ ಹೇಳಿದೆ. ಸಿಸ್ಟರ್ ಕೂಡಲೇ, "ಬರುವುದು ಹಿಮಸಾರಂಗ. ಬ್ರೇಕಿನ ಮೇಲೆ ಕಾಲಿಟ್ಟಿರಲು ಹೇಳು," ಎಂದರು.

ಮೂವತ್ತೊಂದು ಸಲ ಕೇಳಿದೆ. ಜುಲೈ 9ರಂದು ಬೌಷರ್‌ನಲ್ಲಿ ಇಳಿಯುವಾಗ ಕ್ಯಾಸೆಟ್ಟನ್ನು ಡ್ಯಾಶ್‌ಬೋರ್ಡಿನ ಮೇಲೆ ಮರೆತೆ. ಮರಳಿ ಬರುವಷ್ಟರಲ್ಲಿ ಅದು ಬಿಸಿಲಿಗೆ ಹಪ್ಪಳದಂತೆ ಸೊಟ್ಟಗಾಗಿತ್ತು.

"ಖಲಾಸ್," ಎಂದ ಡ್ರೈವರ್, ಮೆಲ್ಲಗೆ.

ಸಿಸ್ಟರ್ ಬೈಯಲಿಲ್ಲ. "ಹಾಡು," ಎಂದರು. ಹಾಡಿದೆ. "ಕೊನೆಯ ತಿರುವು ನನ್ನಮ್ಮನದಲ್ಲ, ನಿಮ್ಮ ಕಡೆಯದು."

"ಹೇಗೆಂದು ತೋರಿಸಿ ಸಿಸ್ಟರ್. ಒಂದೇ ಸಲ."

ಬಾಯಿ ತೆರೆದರು, ಮುಚ್ಚಿಕೊಂಡರು. "ಮಾತನ್ನು ಶಾಲೆಯವರು ಕಿತ್ತುಕೊಂಡರು. ಉಳಿದ ಕ್ರಮವನ್ನು ನಾನೇ ಕೀಳಲಾ?"

1991ರ ಮಾರ್ಚಿನಲ್ಲಿ ಊರಿಗೆ ಹೋದರು. ಕಳೆದ ತಿಂಗಳು ಅವರ ಅಕ್ಕನ ಮಗನ ಕಾಗದ ಬಂತು: ಸಿಸ್ಟರ್ ಸೆಪ್ಟೆಂಬರಿನಲ್ಲಿ ತೀರಿಕೊಂಡರು. ಮಣ್ಣು ಮಾಡುವಾಗ ಅವರ ರಾಗ ಬಲ್ಲವರು ಯಾರೂ ಇರಲಿಲ್ಲವಂತೆ, ಅವನಿಗೂ ಗೊತ್ತಿಲ್ಲ.

ಅಂದಿನಿಂದ ಹನ್ನೊಂದು ಸಲ ಹಾಡಿ ಟೇಪು ಮಾಡಿದ್ದೇನೆ. ಹನ್ನೊಂದೂ ಬೇರೆ ಬೇರೆ ಥರ ಮುಗಿಯುತ್ತವೆ. ತಪ್ಪು ರಾಗವನ್ನು ಅವರದೆಂದು ಆ ಅಕ್ಕನ ಮಗನಿಗೆ ಕಳಿಸಲು ಕೈ ಬರುವುದಿಲ್ಲ. ಕಳಿಸದಿದ್ದರೆ ನನ್ನೊಂದಿಗೇ ಮುಗಿಯುತ್ತದೆ.

ಹಡಗಿನ ಕೆಲಸದಲ್ಲಿ ನಾರ್ವೆಯ ಕಡೆ ಹೋಗಿಬಂದ ಓದುಗರಿಗೆ ಸಾಮಿ ಜನರ ಪರಿಚಯವಿದ್ದರೆ ದಯವಿಟ್ಟು ಈ ಪತ್ರಿಕೆಗೆ ಬರೆಯಿರಿ. ಅವರಮ್ಮ ಹಾಡಿದ್ದನ್ನು ಕೇಳಿದವರು ಒಬ್ಬರು ಸಿಕ್ಕರೆ ಸಾಕು. ನಾನು ಹಾಡುತ್ತೇನೆ, ಎಲ್ಲಿ ತಪ್ಪಿದೆನೆಂದು ಅವರು ಹೇಳಲಿ.