ಕಾನಿನೊಳಗೆ ಹಾಜರಿ ಕರೆದದ್ದು

ಅದು ಯುದ್ಧದ ವರ್ಷ. ಗಡಿಯಲ್ಲಿ ಬಾಂಬು ಬೀಳುತ್ತಿದೆ ಎಂದು ರೇಡಿಯೋ ಹೇಳುತ್ತಿದ್ದಾಗಲೇ ಹೊಸನಗರ ತಾಲ್ಲೂಕಿನ ಮೂಲೆಯಲ್ಲಿದ್ದ ನಮ್ಮ ಪ್ರಾಥಮಿಕ ಶಾಲೆಗೂ ಒಂದು ಸುತ್ತೋಲೆ ಬಂತು. ವಿಮಾನ ದಾಳಿಯಾದರೆ ಮಕ್ಕಳು ಹೇಗೆ ಅಡಗಿಕೊಳ್ಳಬೇಕು ಎಂಬುದನ್ನು ಎಲ್ಲ ಶಾಲೆಗಳಲ್ಲೂ ಅಭ್ಯಾಸ ಮಾಡಿಸತಕ್ಕದ್ದು. ಓದಿ ನಾನು ಬಿದ್ದು ಬಿದ್ದು ನಕ್ಕೆ. ಬಸ್ಸೇ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ ಎನ್ನುವಂಥ ಊರನ್ನು ಹುಡುಕಿಕೊಂಡು ವಿಮಾನ ಬರುತ್ತದೆಯೇ?

ಹೆಡ್ಮಾಸ್ತರು ನಗಲಿಲ್ಲ. ಅವರು ದಾವಣಗೆರೆ ಕಡೆಯವರು. "ನಗಬ್ಯಾಡ್ರಿ ಟೀಚರ್. ಶರಾವತಿ ಅಣೆಕಟ್ಟು ಇಲ್ಲಿಂದ ಎಷ್ಟು ದೂರ ಐತಿ? ಅದಕ್ಕ ಹಾಕಿದ ಬಾಂಬು ಗುರಿ ತಪ್ಪಿದ್ರೆ?" ಎಂದರು. ಶಾಲೆಗೆ ಇದ್ದವರು ನಾವಿಬ್ಬರೇ. ನಾನು ಸಾಗರದ ಪೇಟೆಯವಳು, ಮೊದಲ ಕೆಲಸ, ನಾಲಿಗೆ ಸ್ವಲ್ಪ ಉದ್ದ. ಅವರಿಗೆ ಮೂಗಿನ ತುದಿಯಲ್ಲೇ ಸಿಟ್ಟು. ಆದರೆ ತರಗತಿಯಲ್ಲಿ ಯಾವ ಮಗುವಿಗೆ ಜ್ವರ ಬಂದರೂ ಹೆಗಲ ಮೇಲೆ ಹೊತ್ತು, ಹಳ್ಳ ದಾಟಿ, ತಾಯಿಯ ಕೈಗೇ ಕೊಟ್ಟು ಬರುತ್ತಿದ್ದರು. ಅದಕ್ಕಾಗಿ ಅವರ ಸಿಟ್ಟನ್ನು ನಾನು ಸಹಿಸಿಕೊಳ್ಳುತ್ತಿದ್ದೆ.

ಸುತ್ತೋಲೆಯ ಪ್ರಕಾರ ಕಂದಕ ತೋಡಬೇಕಿತ್ತು. ದೊಡ್ಡ ಹುಡುಗರು ತೋಡಿದರು. ಬೆಳಗಾಗುವಷ್ಟರಲ್ಲಿ ಅದು ಮಳೆನೀರಿನಿಂದ ತುಂಬಿ, ಕಪ್ಪೆಗಳು ಸಂಸಾರ ಹೂಡಿದ್ದವು. ಆಗ ಹೆಡ್ಮಾಸ್ತರ ಕಣ್ಣು ಶಾಲೆಯ ಹಿಂದಿದ್ದ ದಟ್ಟ ಕಾಡಿನ ಮೇಲೆ ಬಿತ್ತು. ಊರವರು ಅದನ್ನು ಕಾನು ಎನ್ನುತ್ತಿದ್ದರು. ಮೇಲಿನಿಂದ ನೋಡಿದರೆ ನೆಲವೇ ಕಾಣದಂಥ ಜಾಗ. ಅಡಗುವುದಕ್ಕೆ ಇನ್ನೇನು ಬೇಕು? ಗಂಟೆಯೆಂದು ತೂಗುಹಾಕಿದ್ದ ರೈಲು ಕಂಬಿಯನ್ನು ಬಿಡದೆ ಬಡಿದರೆ ಎಲ್ಲರೂ ಕಾನಿಗೆ ಓಡಬೇಕು, ಮರದ ಬುಡದಲ್ಲಿ ಉಸಿರೆತ್ತದೆ ಕೂರಬೇಕು. ಅಪಾಯ ಕಳೆದ ಮೇಲೆ ಮೈದಾನದಿಂದ ಒಬ್ಬೊಬ್ಬರ ಹೆಸರು ಕರೆಯುತ್ತಾರೆ. ಓಗೊಟ್ಟು ಹೊರಗೆ ಬರಬೇಕು. ಹೆಡ್ಮಾಸ್ತರು ಇದನ್ನು ಹೇಳಿಕೊಡುವಾಗ ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೇಷ್ಟ್ರಿಗೆ ಎದುರು ಮಾತಾಡುವ ಕಾಲ ಅದಲ್ಲ.

ಆ ಮಧ್ಯಾಹ್ನ ಮಳೆ ನಿಂತು ಮಂಜು ಇಳಿದಿತ್ತು. ಕಂಬಿ ಬಡಿದದ್ದೇ ತಡ, ಮಕ್ಕಳು ಚೆಲ್ಲಾಪಿಲ್ಲಿಯಾಗಿ ಓಡಿದರು. ಕಣ್ಣು ಮುಚ್ಚಿ ತೆಗೆಯುವಷ್ಟರಲ್ಲಿ ಮೈದಾನ ಖಾಲಿ. ಸ್ವಲ್ಪ ಹೊತ್ತು ಬಿಟ್ಟು ಹೆಡ್ಮಾಸ್ತರು ಕಾನಿನ ಕಡೆ ತಿರುಗಿ ಮೊದಲನೆಯ ಹೆಸರು ಕೂಗಿದರು. ಯಾರೂ ಓಗೊಡಲಿಲ್ಲ. ಎರಡನೆಯದು ಕೂಗಿದರು. ಅದಕ್ಕೂ ಇಲ್ಲ. ಹೆಸರಿನ ಮೇಲೆ ಹೆಸರು ಕಾನಿನೊಳಗೆ ಹೋಗುತ್ತಿತ್ತು, ಹಿಂದಿರುಗಿ ಒಂದು ಕೆಮ್ಮೂ ಬರಲಿಲ್ಲ. ಅಷ್ಟೊಂದು ಮಕ್ಕಳು ಅಲ್ಲಿ ಇದ್ದಾರೆ ಎಂದು ನಂಬುವುದೇ ಕಷ್ಟವಾಯಿತು.

ನಾನೇ ಒಳಗೆ ನುಗ್ಗಿದೆ. ಮರಮರದ ಬುಡದಲ್ಲೂ ಮಕ್ಕಳು ಕುಕ್ಕರಗಾಲಿನಲ್ಲಿ ಕೂತಿದ್ದರು, ಎಲ್ಲರ ಕೈಯೂ ಅವರವರ ಬಾಯಿಯ ಮೇಲೆ. ಏಳನೆಯ ತರಗತಿಯ ಒಬ್ಬ ಹುಡುಗಿ ನನ್ನ ಸೆರಗು ಜಗ್ಗಿ ಪಿಸುಗುಟ್ಟಿದಳು.

"ಕಾನೊಳಗೆ ಹೆಸ್ರು ಕೂಗ್ಬಾರ್ದು ಟೀಚರ್. ಕೂ ಅನ್ಬೇಕು ಅಷ್ಟೆ. ಹೆಸ್ರು ಕೂಗಿದ್ರೆ ಬೇರೆದು ಓಗೊಡ್ತದೆ."

ಸೊಪ್ಪಿಗೆ, ಸೌದೆಗೆ, ದನ ಹುಡುಕುವುದಕ್ಕೆಂದು ದಿನಾ ಕಾನಿಗೆ ಹೋಗುವ ಮನೆಗಳ ಮಕ್ಕಳು ಅವು. ಕಾನಿನ ಹೆದರಿಕೆ ಅವಕ್ಕಿರಲಿಲ್ಲ, ಹೆಸರಿನದ್ದಿತ್ತು. "ಆಯ್ತು ಮಾರಾಯ್ತಿ, ಏಳು" ಎಂದು ಎಲ್ಲರನ್ನೂ ಕೈಸನ್ನೆಯಲ್ಲೇ ಎಬ್ಬಿಸಿ ಮೈದಾನಕ್ಕೆ ಕರೆತಂದೆ.

ಎಲ್ಲರೂ ಬಂದರು, ಒಬ್ಬಳು ಬರಲಿಲ್ಲ. ಒಂದನೆಯ ತರಗತಿಯ ಪುಟ್ಟ ಹುಡುಗಿ. ಮುಂದಿನ ಹಲ್ಲು ಬಿದ್ದು 'ಸ' ಎನ್ನುವುದಕ್ಕೆ ಒದ್ದಾಡುತ್ತಿದ್ದವಳು. ಹೆಡ್ಮಾಸ್ತರ ಮುಖ ಬಿಳಿಚಿಕೊಂಡಿತು. ನಾನು ತಡೆಯುವುದರೊಳಗೆ ಕಾನಿನ ಅಂಚಿಗೆ ಓಡಿ ಅವಳ ಹೆಸರು ಕೂಗಿದರು. ಇನ್ನೂ ಗಟ್ಟಿಯಾಗಿ ಕೂಗಿದರು. ಮಕ್ಕಳು ಕಿವಿ ಮುಚ್ಚಿಕೊಂಡರು.

"ಬಂದೇ ಶಾರ್..."

ಸಣ್ಣ ದನಿ, ಕಾನಿನ ಒಳಗಿನಿಂದ. ನನಗೆ ಹೋದ ಜೀವ ಬಂದಂತಾಯಿತು. "ಅಲ್ಲೇ ನಿಂದ್ರು ಮಗಾ, ಬಂದೆ!" ಎಂದು ಹೆಡ್ಮಾಸ್ತರು ಪಂಚೆ ಎತ್ತಿಕಟ್ಟಿ ಒಳಗೆ ಹೋದರು. ಅವರು ಕರೆಯುವುದು, ಅದು ಓಗೊಡುವುದು, ಎರಡೂ ದೂರವಾಗುತ್ತ ಹೋದವು. ನಾನೊಬ್ಬಳೇ ಖುಷಿಪಟ್ಟವಳು. ಮಕ್ಕಳೆಲ್ಲ ಒತ್ತೊತ್ತಾಗಿ ಸರಿದು ಶಾಲೆಯ ಗೋಡೆಗೆ ಬೆನ್ನು ಹಚ್ಚಿ ನಿಂತಿದ್ದರು.

ಅಷ್ಟರಲ್ಲಿ ಮೈದಾನದ ಆಚೆ ಬದಿಯಿಂದ, ಊರ ದಾರಿಯಲ್ಲಿ, ಒಬ್ಬ ಹೆಂಗಸು ಮಗಳನ್ನು ದರದರ ಎಳೆದುಕೊಂಡು ಬಂದಳು. ಅದೇ ಹುಡುಗಿ.

"ಎಂಥ ಹೆದ್ರಿಸಿದ್ರಿ ಟೀಚರಮ್ಮ ಮಕ್ಕಳಿಗೆ? ಬಾಂಬ್ ಬಂತು ಅಂತ ಮನೆಗೆ ಓಡಿ ಬಂದು ನನ್ನ ಸೆರಗಲ್ಲಿ ಕೂತಾಳೆ. ಆಗಿಂದ ಬಿಡ್ತಾನೇ ಇಲ್ಲ."

ಕಾನಿನೊಳಗೆ ಹೆಡ್ಮಾಸ್ತರು ಮತ್ತೆ ಹೆಸರು ಕೂಗಿದ್ದು ಕೇಳಿಸಿತು. "ಬಂದೇ ಶಾರ್" ಎಂದಿತು ಅದೇ ದನಿ. ನನ್ನ ಎದುರಿಗಿದ್ದ ಹುಡುಗಿಯ ಬಾಯಿ ಮುಚ್ಚಿತ್ತು. ತಾಯಿ ಅದರ ಮೇಲೆ ತನ್ನ ಕೈಯನ್ನೂ ಒತ್ತಿ ಹಿಡಿದಳು. ಕಾಜಾಣ ಹಕ್ಕಿ ಎಲ್ಲರ ದನಿಯನ್ನೂ ಕದಿಯುತ್ತದೆ ಎಂದು ಆಮೇಲೆ ಸಾಗರದಲ್ಲಿ ನಮ್ಮಣ್ಣ ಸಮಾಧಾನ ಹೇಳಿದ. ಇರಬಹುದು. ಹಲ್ಲು ಬಿದ್ದವರ ಹಾಗೆ ಮಾತಾಡುವುದನ್ನೂ ಅದು ಕದಿಯುತ್ತದೆಯೋ ಏನೋ, ನನಗಂತೂ ಆಗ ಮೈಯೆಲ್ಲ ಮುಳ್ಳೆದ್ದಿತು.

ಕಿರುಚುವುದಕ್ಕೆ ಬಾಯಿ ತೆರೆದೆ. "ಕರೀಬೇಡಿ," ಎಂದಳು ತಾಯಿ, "ಕೂ ಹಾಕಿ." ಅವಳೇ ಶುರು ಮಾಡಿದಳು. ಉದ್ದನೆಯ ಒಂದು ಕೂ. ಹಿಂದೆಯೇ ಮಕ್ಕಳೆಲ್ಲ ದನಿಗೂಡಿಸಿದರು. ನಾನೂ ಗಂಟಲು ಹರಿಯುವಷ್ಟು ಕೂ ಎಂದೆ. ಕಾನು ಸದ್ದಿಲ್ಲದೆ ಕೇಳಿಸಿಕೊಂಡಿತು. ಅವರು ಇನ್ನು ಬರುವುದಿಲ್ಲ ಎಂದೇ ನನಗೆ ಅನಿಸಿ ಕಣ್ಣಲ್ಲಿ ನೀರು ಬಂತು.

ಕೊನೆಗೆ ಮಂಜಿನಲ್ಲಿ ಬಿಳಿ ಪಂಚೆ ಕಾಣಿಸಿತು. ಹೆಡ್ಮಾಸ್ತರು ಬಹಳ ನಿಧಾನವಾಗಿ ಬರುತ್ತಿದ್ದರು. ಅವರ ಎಡಗೈ ಮೈಯಿಂದ ಸ್ವಲ್ಪ ದೂರಕ್ಕೆ ಚಾಚಿ, ಕೆಳಗೆ ಇಳಿದು, ಮುಚ್ಚಿಕೊಂಡಿತ್ತು. ಆ ಬದಿಗೆ ಬಾಗಿ ಏನೋ ಹೇಳುತ್ತಿದ್ದರು. "ನಿಧಾನ ಮಗಾ... ಬೇರು ಐತಿ, ದಾಟು... ಹಾಂ." ಅವರ ಪಕ್ಕದಲ್ಲಿ ಯಾರೂ ಇರಲಿಲ್ಲ.

ಕಾನಿನ ಕೊನೆಯ ಮರದ ಹತ್ತಿರ ತಲೆಯೆತ್ತಿದರು. ತಾಯಿಯ ಸೆರಗು ಹಿಡಿದಿದ್ದ ಹುಡುಗಿಯನ್ನು ನೋಡಿದರು. ಆಮೇಲೆ ತಮ್ಮ ಎಡಗಡೆ, ಕೆಳಗೆ, ನೋಡಿದರು. ಬೆರಳುಗಳು ಬಿಚ್ಚಿಕೊಂಡವು.

ಮಕ್ಕಳನ್ನೆಲ್ಲ ಗುಂಪು ಮಾಡಿ ಆ ತಾಯಿಯ ಜೊತೆಗೇ ಕಳಿಸಿದೆ. ಶಾಲೆಯ ಒಳಗೆ ಬಂದಾಗ ಹೆಡ್ಮಾಸ್ತರು ಬೆಂಚಿನ ಮೇಲೆ ಕೂತು ತಮ್ಮ ಅಂಗೈಯನ್ನೇ ನೋಡುತ್ತಿದ್ದರು.

"ಎಲ್ಲ ಮಕ್ಕಳೂ ಮನೆಗೆ ಹೋದವು ಸಾರ್. ಒಂದಕ್ಕೂ ಏನೂ ಆಗಿಲ್ಲ," ಎಂದೆ.

"ಅದು ನಡುಗ್ತಿತ್ತು ಟೀಚರ್," ಎಂದರು ಅವರು. "ನನ್ನ ಮನಿಗೆ ಕಳಿಸ್ರಿ ಶಾರ್, ಕೈ ಬಿಡಬ್ಯಾಡ್ರಿ, ಅಂತಿತ್ತು. ನಾನು ಬಿಟ್ಟೆ."